ಮಾಯಮ್ಮನ ಸ್ಲೇಟು

ತೊಂಡೆಸೊಪ್ಪನ್ನು ಮುಷ್ಟಿಯಲ್ಲಿ ಹಿಚುಕಿ ಶಿವರುದ್ರಮ್ಮ ಸ್ಲೇಟನ್ನು ಉಜ್ಜಿದಳು. ಅಕ್ಷರ ಅಳಿಸಿಹೋಯಿತು. ಆದರೂ ಉಜ್ಜಿದಳು. ಹಸಿರು ರಸ ಮೊಣಕೈಗೆ ಇಳಿದರೂ ಕೈ ನಿಲ್ಲಲಿಲ್ಲ.

"ಅಕ್ಕಾ, ಕಲ್ಲು ಸವೆದೋಯ್ತದೆ, ಬುಡಿ," ಎಂದಳು ದರ್ಜಿಯವರ ಹಾಜಿರಾಬಿ.

"ಸವೀಲಿ. ನಿಮ್ಮಪ್ಪನ ಮನೆ ಗಂಟಾ?"

ಜಗುಲಿಯ ಹೆಂಗಸರೆಲ್ಲ ನಕ್ಕರು. ಮಾಯಮ್ಮ ಮಾತ್ರ ನಗಲಿಲ್ಲ. ಆ ಸ್ಲೇಟು ಅವಳದು.

ಶಿವರುದ್ರಮ್ಮನ ಗಂಡ ನೀಲಕಂಠಸ್ವಾಮಿಗೆ ರಾವಂದೂರಿನಲ್ಲಿ ದಿನಸಿ ಅಂಗಡಿ. ಪಿರಿಯಾಪಟ್ಟಣದಲ್ಲಿ ನಾಲ್ಕಕ್ಷರ ಕಲಿತವನು. ಮೈಸೂರಿನಿಂದ ವಯಸ್ಕರ ಶಿಕ್ಷಣದವರು ಬಂದು ಸ್ಲೇಟು, ಬಳಪ, ದಪ್ಪಕ್ಷರದ ಪುಸ್ತಕ ಕೊಟ್ಟುಹೋದ ಮೇಲೆ ಸಂಬಳವಿಲ್ಲದ ಮೇಷ್ಟ್ರಾದ. ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗದ ಕಾಲ. ರಾತ್ರಿ ಶಾಲೆ ನಡೆಯುವ ಮಾತಿಲ್ಲ. ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ, ಮನೆಯ ಜಗುಲಿಯ ಮೇಲೆ ಹೆಂಗಸರಿಗೆ ಪಾಠ ಹೇಳುತ್ತಿದ್ದ.

ಗಂಡಸು ಹೆಂಗಸರಿಗೆ ಪಾಠ ಹೇಳಿದರೆ ಊರು ಸುಮ್ಮನಿದ್ದೀತೆ? ಹಿರಿಯರು ಒಂದು ಮಾತಿನ ಮೇಲೆ ಒಪ್ಪಿದ್ದರು: "ಪಾಠ ಮುಗಿಯೋಗಂಟ ನಿನ್ನೆಡ್ತಿ ಅಲ್ಲೇ ಕುಂತಿರಬೇಕು ಕಣಪ್ಪ." ಹೀಗೆ ಶಿವರುದ್ರಮ್ಮ ಹೊಸ್ತಿಲ ಮೇಲೆ ಕಾವಲಿಗೆ ಕೂತಳು. ಸುಮ್ಮನೆ ಕೂರಲಾರದೆ ಬೇಲಿಯ ತೊಂಡೆಸೊಪ್ಪು ಕಿತ್ತು ಎಲ್ಲರ ಸ್ಲೇಟು ಒರೆಸಿಕೊಟ್ಟಳು. ನೀನೂ ಬಾ ಎಂದು ಅವನು ಇಂದು ಕರೆದಾನು, ನಾಳೆ ಕರೆದಾನು ಎಂದು ಕಾದಳು. ಅವನು ಕರೆಯಲಿಲ್ಲ. ಬೇಡವೆಂದಲ್ಲ. ಅವನಿಗೆ ತೋಚಲೇ ಇಲ್ಲ.

ಮನೆಯೊಳಗೆ ಅವನ ಬಾಯಲ್ಲಿ ಬರುತ್ತಿದ್ದುದು "ನೀರು", "ಊಟ", "ಕೊಡೆ ಎಲ್ಲಿ" ಅಷ್ಟೆ. ಜಗುಲಿಗೆ ಬಂದರೆ ಅದೇ ಬಾಯಿಗೆ ಜೇನು ಸವರಿದಂತಾಗುತ್ತಿತ್ತು. "ನಿಧಾನ ಕಣವ್ವ, ಬೆರಳು ಸಡಿಲ ಬುಡು, ಅಕ್ಷರ ಎಲ್ಲೂ ಓಡಿಹೋಗಾಕಿಲ್ಲ." ಹೊಸ್ತಿಲ ಮೇಲೆ ಕೂತವಳ ಹೊಟ್ಟೆಯಲ್ಲಿ ಯಾರೋ ಹಸಿಮೆಣಸಿನಕಾಯಿ ಅರೆಯುತ್ತಿದ್ದರು.

ಅವಳು ಸ್ಲೇಟು ಹಾಗೆ ಉಜ್ಜಿದ ಆ ಮಧ್ಯಾಹ್ನ ಅವನು ಒಂದು ಹೊಸ ಉಪಾಯ ಹೂಡಿದ್ದ. "ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಸರಿ. ಬರೀಬಾರದು ಅಂತ ಯಾರೂ ಹೇಳಿಲ್ವಲ್ಲ? ಬರೀರಿ ನೋಡೋಣ."

ಹೆಂಗಸರು ನಾಚಿ, ಒಬ್ಬರನ್ನೊಬ್ಬರು ತಿವಿದು, ಕೊನೆಗೆ ಬರೆದೇ ಬರೆದರು. ಹಾಜಿರಾಬಿ ಮೆಹಬೂಬ್ ಎಂದು ತಿದ್ದಿ ಸೆರಗು ಮುಚ್ಚಿದಳು. "ಯಾ ಅಲ್ಲಾ! ನಮ್ಮೆಜಮಾನ್ರು ಸ್ಲೇಟಿನ ಮ್ಯಾಲೆ ಕುಂತವ್ರೆ ಕಣ್ರವ್ವಾ!"

ಶಿವರುದ್ರಮ್ಮ ಗಂಡನ ಹೆಸರು ಹೇಳಿದ್ದು ಒಂದೇ ಸಲ. ಮದುವೆಯಾಗಿ ಬಂದ ದಿನ, ಇದೇ ಹೊಸ್ತಿಲಿಗೆ ಅಡ್ಡ ನಿಂತು ನಾದಿನಿಯರು ಹೇಳಿಸಿದ್ದರು. ಅಂದಿನಿಂದ ಆ ಹೆಸರು ನಾಲಿಗೆಯ ಕೆಳಗೆ ಕಲ್ಲುಸಕ್ಕರೆಯಂತೆ ಕರಗದೆ ಉಳಿದಿತ್ತು. ಅದನ್ನು ಬರೆಯಬಹುದಂತೆ! ಅವಳ ಬೆರಳು ಸೀರೆಯ ಮೇಲೆ ತಾನಾಗಿ ಆಡಿತು.

ಅಷ್ಟರಲ್ಲಿ ಮಾಯಮ್ಮನ ಸರದಿ ಬಂತು. ಮೂವತ್ತು ತುಂಬದ ವಿಧವೆ. ತಲೆ ತಗ್ಗಿಸಿ ಹೇಳಿದಳು: "ನಮ್ಮೋರು ಶಿವನ ಪಾದ ಸೇರವ್ರೆ ಮೇಷ್ಟ್ರೇ. ಅವರ್ನ ಯಾಕೆ ಕರೆದು ನೋಯಿಸ್ಲಿ? ಅಕ್ಷರ ಕೊಟ್ಟೋರು ನೀವು. ನಿಮ್ಮೆಸರೇ ಬರ್ಕೊಡಿ, ತಿದ್ತೀನಿ."

ಅವನ ಮುಖ ಹಬ್ಬದ ದಿನದ ಹುಡುಗನ ಮುಖದಂತಾಯಿತು. ಬರೆದುಕೊಟ್ಟ. ಅವಳು ಒಂದೊಂದೇ ಅಕ್ಷರ ತಿದ್ದುತ್ತ ಜೋರಾಗಿ ಓದಿದಳು: "ನೀ... ಲ... ಕಂ... ಠ..."

"ಭೇಷ್! ನನ್ನ ಹೆಸರು ಇಷ್ಟು ಚೆಂದ ಯಾರೂ ಬರೆದಿರಲಿಲ್ಲ ಕಣವ್ವ!"

ಸ್ಲೇಟು ಒರೆಸಲು ಶಿವರುದ್ರಮ್ಮನ ಕೈಗೆ ಬಂದದ್ದು ಆಗ.

ಮರುದಿನ ಬೆಳಗ್ಗೆ ಬಾವಿಯ ಹತ್ತಿರ ಮಾಯಮ್ಮ ಒಬ್ಬಳೇ ಸಿಕ್ಕಳು. "ನಿನ್ನ ಗಂಡನ್ನ ನುಂಗಿದ್ದು ಸಾಲ್ದಾ? ನಂದೂ ಬೇಕಾ?" ಎಂದಳು ಶಿವರುದ್ರಮ್ಮ. ಮಾಯಮ್ಮ ತುಂಬಿದ ಕೊಡವನ್ನು ಕಟ್ಟೆಯ ಮೇಲೆಯೇ ಬಿಟ್ಟು ಹೋದಳು. ಆಮೇಲೆ ಜಗುಲಿಯ ಕಡೆ ತಲೆ ಹಾಕಲಿಲ್ಲ. ಶಿವರುದ್ರಮ್ಮನಿಗೆ ಆ ದಿನ ಹೊಟ್ಟೆ ತುಂಬಿದ ಹಾಗಿತ್ತು. ಮಾರನೆಯ ದಿನ ಅದೇ ಅಜೀರ್ಣವಾಯಿತು.

ಶುಕ್ರವಾರ ಮೈಸೂರಿನಿಂದ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ಹತ್ತು ಜನ ಇಲ್ಲದಿದ್ದರೆ ಸ್ಲೇಟು, ಪುಸ್ತಕ ವಾಪಸು. ಆ ದಿನ ಜಗುಲಿಯ ಮೇಲಿದ್ದವರನ್ನು ನೀಲಕಂಠಸ್ವಾಮಿ ಎಣಿಸಿದ, ಮತ್ತೆ ಎಣಿಸಿದ. ಒಂಬತ್ತು.

"ಮಾಯಮ್ಮ ಯಾಕೆ ಬರ್ತಿಲ್ಲ?"

"ನಂಗೇನ್ ಗೊತ್ತು?"

ಅವನು ಜಗುಲಿಯ ಉದ್ದಕ್ಕೂ ನೋಡಿದ. ಬೀದಿ ನೋಡಿದ. ಕೊನೆಗೆ, ಅಂಗಡಿಯಲ್ಲಿ ಕಳೆದುಹೋದ ಅಳತೆಯ ಪಾವು ಕಾಲಡಿಯಲ್ಲೇ ಸಿಕ್ಕಿದಂತೆ, ಹೊಸ್ತಿಲ ಮೇಲೆ ಕೂತ ಹೆಂಡತಿಯನ್ನು ನೋಡಿದ.

"ಅಯ್ಯೋ, ನೀನೇ ಇದೀಯಲ್ಲ! ಬಾ, ಕೂತ್ಕೋ. ಇವತ್ತೊಂದು ದಿನ. ಹತ್ತಾಗುತ್ತೆ."

ಮೂಲೆಯಲ್ಲಿದ್ದ ಮಾಯಮ್ಮನ ಸ್ಲೇಟು ತಂದು, ಮೇಲೆ ತನ್ನ ಹೆಸರು ಬರೆದು ಅವಳ ಮುಂದೆ ಹಿಡಿದ. ದನಿಯಲ್ಲಿ ಜಗುಲಿಯ ಜೇನಿತ್ತು. "ಏನಿಲ್ಲ, ಇದರ ಮೇಲೆ ತಿದ್ದು. ಮಾಯಮ್ಮ ತಿದ್ತಿದ್ಲಲ್ಲ, ಹಂಗೆ."

ಬೀದಿಯ ತಿರುವಿನಲ್ಲಿ ಜಟಕಾದ ಗೆಜ್ಜೆ ಕೇಳಿಸಿತು. ಹೆಂಗಸರು ಸೆರಗು ಸರಿಮಾಡಿಕೊಂಡು ಪುಸ್ತಕ ತೆರೆದರು. ಅವನು ನೀಡಿದ ಬಳಪ ಅವಳ ಮೂಗಿನ ಮುಂದಿತ್ತು, ಇಷ್ಟು ದಿನ ಅವಳು ಕಾದಿದ್ದ ಬಳಪ.

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಹಿಡಿಯೇ, ಬಂದ್ರು!"

"ಬ್ಯಾಡ," ಎಂದಳು ಶಿವರುದ್ರಮ್ಮ. "ಮಾಯಮ್ಮನಂಗೆ ನಾ ತಿದ್ದಾಕಿಲ್ಲ."