ಪರಿಶೀಲಿಸಿದ್ದು: ಬುಧವಾರ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕೈಪಿಡಿಯಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಆಸ್ಪತ್ರೆಗಳ ಫ್ರೀಜರ್‌ಗಳನ್ನು ನೋಡಿಕೊಳ್ಳುವ ತಂತ್ರಾಂಶ ಮಾಡುವ ಕಂಪನಿ ಅದು. ತಂತ್ರಾಂಶ ಬರೆಯಲು ಅರವತ್ತು ಜನ, ಅದನ್ನು ಬಳಸುವುದು ಹೇಗೆಂದು ತಿಳಿಸುವ ಕೈಪಿಡಿಗೆ ಇವಳೊಬ್ಬಳು. ನಾನೂರ ಹನ್ನೆರಡು ಪುಟ, ಅಚ್ಚಿನಲ್ಲಲ್ಲ, ಕಂಪ್ಯೂಟರಿನಲ್ಲಿ; ಇಲ್ಲಿ ತಿದ್ದಿದರೆ ಎಲ್ಲ ಆಸ್ಪತ್ರೆಗಳ ಪರದೆಯಲ್ಲೂ ಆ ಕ್ಷಣವೇ ಬದಲಾಗುತ್ತಿತ್ತು. ಆ ಅರವತ್ತು ಜನ ದಿನಾ ಏನಾದರೊಂದು ಬದಲಾಯಿಸುತ್ತಿದ್ದರು. ಬದಲಾಯಿಸಿದ್ದನ್ನು ಇವಳ ಕಿವಿಗೆ ಹಾಕಬೇಕೆಂಬುದು ಮಾತ್ರ ಒಬ್ಬರಿಗೂ ನೆನಪಿರುತ್ತಿರಲಿಲ್ಲ. ಹೇಳಿ ಹೇಳಿ ಅವಳ ಬಾಯಿ ನೋಯುವುದೊಂದು ಬಾಕಿ.

ಪ್ರತಿ ಪುಟದ ಮೇಲೂ ‘ಪರಿಶೀಲಿಸಿದ್ದು’ ಎಂಬ ಸಾಲು, ಅದರ ಮುಂದೆ ತಾರೀಖು. ಅದು ಅವಳೇ ತಂದ ಪದ್ಧತಿ. ಕಚೇರಿಯ ಮೂಲೆಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಫ್ರೀಜರಿನ ಮುಂದೆ ಸ್ಟೂಲ್ ಹಾಕಿ ಕೂತು, ಪುಟದಲ್ಲಿ ಬರೆದ ಒಂದೊಂದು ಹೆಜ್ಜೆಯನ್ನೂ ತಾನೇ ಮಾಡಿ ನೋಡಿ, ಆಮೇಲೆಯೇ ತಾರೀಖು ಹಾಕುತ್ತಿದ್ದಳು. ಹನ್ನೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಾಗೆ ನಡೆಸಿಕೊಂಡು ಬಂದಿದ್ದಳು.

ಅವಳ ಸ್ವಂತ ಅಕ್ಕ ದೊಡ್ಡ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಅಲ್ಲಿಯ ಫ್ರೀಜರ್‌ಗಳಿಗೂ ಇದೇ ತಂತ್ರಾಂಶ. “ಭೂಮಿ ಮೇಲೆ ನಿನ್ನ ಕೈಪಿಡಿ ಓದೋಳು ನಾನೊಬ್ಬಳೇ ಕಣೇ, ನನಗೆ ಬಹುಮಾನ ಕೊಡ್ಸು” ಎಂದು ಅಕ್ಕ ರೇಗಿಸುವುದಿತ್ತು. ಇವಳು ಹೇಳಿಕೊಟ್ಟದ್ದು ಒಂದೇ ಮಾತು: “ಮೊದಲು ತಾರೀಖು ನೋಡು ಅಕ್ಕ. ಹೊಸದಾಗಿದ್ರೆ ಕಣ್ಣು ಮುಚ್ಚಿ ನಂಬು.”

ಹೀಗಿರುವಾಗ ಹೊಸ ಮ್ಯಾನೇಜರ್ ಬಂದ. ಬಂದವನೇ ಗೋಡೆಗೆ ದೊಡ್ಡ ಪರದೆ ಹಾಕಿಸಿದ. ತಾರೀಖು ಮೂರು ತಿಂಗಳಿಗಿಂತ ಹಳತಾದರೆ ಆ ಪುಟ ಪರದೆಯ ಮೇಲೆ ಕೆಂಪು, ಇಲ್ಲದಿದ್ದರೆ ಹಸಿರು. ಪುಟದಲ್ಲಿ ಏನಿದೆ ಎಂದು ಆ ಪುಣ್ಯಾತ್ಮ ಒಂದು ದಿನವೂ ಓದಲಿಲ್ಲ, ಬಣ್ಣ ಮಾತ್ರ ನೋಡುತ್ತಿದ್ದ. ಎಲ್ಲರೂ ಅವನಿಗೆ ಹಸಿರು ಸಾಹೇಬ ಎಂದು ಹೆಸರಿಟ್ಟರು.

ಆ ಬುಧವಾರ ಹಸಿರು ಸಾಹೇಬ ಇವಳ ಮೇಜಿನ ಹತ್ತಿರ ಬಂದು ನಿಂತ. “ಶುಕ್ರವಾರ ದೊಡ್ಡ ಗಿರಾಕಿಗಳು ಬರ್ತಿದ್ದಾರೆ ಮೇಡಂ. ಗೋಡೆ ಮೇಲೆ ಒಂದು ಚುಕ್ಕೆ ಕೆಂಪು ಕಾಣಬಾರದು.”

“ನೂರ ಎಂಬತ್ತು ಪುಟ ಕೆಂಪಿದೆ ಸಾರ್. ಎರಡು ದಿನದಲ್ಲಿ ಹೇಗೆ ನೋಡ್ಲಿ?”

“ನೋಡಿ ಅಂತ ಯಾರು ಹೇಳಿದ್ರು? ಹಸಿರು ಮಾಡಿ ಅಂದೆ, ಅಷ್ಟೇ.”

ಅವಳು ಜಗಳ ಆಡಬಹುದಿತ್ತು. ಹಿಂದೆಲ್ಲ ಆಡಿದ್ದಳು. ಆ ದಿನ ಯಾಕೋ ಸುಸ್ತಾಗಿತ್ತು. ಕೆಂಪು ಪುಟಗಳನ್ನೆಲ್ಲ ಒಟ್ಟಿಗೆ ಆರಿಸಿ, ‘ಪರಿಶೀಲಿಸಿದ್ದು’ ಒತ್ತಿಬಿಟ್ಟಳು. ಗೋಡೆ ಹಸಿರಾಯಿತು. ಮುಂದಿನ ವಾರ ಒಂದೊಂದಾಗಿ ನೋಡಿದರಾಯಿತು ಎಂದುಕೊಂಡು ಊಟಕ್ಕೆ ಎದ್ದು ಹೋದಳು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ!

ಸೋಮವಾರ ಬೆಳಿಗ್ಗೆ, ಗಿರಾಕಿಗಳ ದೂರು ಕೇಳುವ ಹುಡುಗಿ ಏದುಸಿರು ಬಿಡುತ್ತಾ ಬಂದಳು. ಯಾವುದೋ ಆಸ್ಪತ್ರೆಯಲ್ಲಿ ಶನಿವಾರ ಫ್ರೀಜರ್ ಸ್ವಚ್ಛ ಮಾಡಲು ಅಲಾರಂ ನಿಲ್ಲಿಸಿದ್ದರಂತೆ. ಕೆಲಸ ಮುಗಿದ ಮೇಲೆ ಬಾಗಿಲು ಸರಿಯಾಗಿ ಕೂತಿರಲಿಲ್ಲ. ಅಲಾರಂ ಕೂಗಲೇ ಇಲ್ಲ. ಎರಡು ದಿನದಲ್ಲಿ ಒಳಗಿದ್ದದ್ದೆಲ್ಲ ಕರಗಿ ಹಾಳಾಗಿತ್ತು.

ಅವಳು ತಕ್ಷಣ ಅಲಾರಂ ಬಗ್ಗೆ ಬರೆದ ಪುಟ ತೆಗೆದು ನೋಡಿದಳು: “ಅಲಾರಂ ನಿಲ್ಲಿಸಿ. ಅರ್ಧ ಗಂಟೆಯ ನಂತರ ಅದು ತಾನೇ ಮತ್ತೆ ಶುರುವಾಗುತ್ತದೆ.” ತಂತ್ರಾಂಶದಲ್ಲಿ ಅಲಾರಂ ಭಾಗ ಬರೆದವನನ್ನು ಹುಡುಕಿಕೊಂಡು ಹೋದಳು. “ಅದನ್ನ ಹೋದ ತಿಂಗಳೇ ಬದಲಾಯಿಸಿದ್ವಲ್ಲ ಮೇಡಂ. ಈಗ ಕೈಯಿಂದಲೇ ಶುರು ಮಾಡ್ಬೇಕು. ಗ್ರೂಪಲ್ಲಿ ಹಾಕಿದ್ದೆ, ನೀವು ನೋಡ್ಲಿಲ್ವಾ?” ಎಂದ ಅವನು, ತಲೆ ಎತ್ತದೆ.

ಅಕ್ಕನ ನೆನಪು ಬರಲಿಲ್ಲವೇ ಎಂದರೆ, ಬಂತು. ಆದರೆ ಇನ್ನೊಂದು ಆಸ್ಪತ್ರೆಯವರು ಓದುವ ಮುಂಚೆ ಪುಟ ಸರಿಯಾಗಲಿ ಎಂಬುದೇ ಅವಳ ತಲೆಯಲ್ಲಿತ್ತು. ದೊಡ್ಡ ತಿದ್ದುಪಡಿ ಎಂದು ಗುರುತು ಹಾಕಿದರೆ ಇಬ್ಬರು ಒಪ್ಪಬೇಕು, ಎರಡು ದಿನ ಬೇಕು. ಅಲ್ಲಿಯವರೆಗೆ ಆ ಹಾಳು ಸಾಲು ಹಾಗೆಯೇ ಇರುತ್ತದೆ. ಅದಕ್ಕೇ ‘ಸಣ್ಣ ತಿದ್ದುಪಡಿ’ ಎಂದು ಗುರುತು ಹಾಕಿದಳು. ಸಾಲು ತಕ್ಷಣ ಬದಲಾಯಿತು: “ಕೆಲಸ ಮುಗಿದ ಮೇಲೆ ಅಲಾರಂ ಅನ್ನು ಕೈಯಿಂದಲೇ ಮತ್ತೆ ಶುರು ಮಾಡಿ.” ಸಣ್ಣ ತಿದ್ದುಪಡಿಗೆ ತಾರೀಖು ಬದಲಾಗುವುದಿಲ್ಲ. ಮೇಲೆ ಹಾಗೆಯೇ ಇತ್ತು, ಬುಧವಾರದ್ದು.

ಆಮೇಲೆ ಅಕ್ಕನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಆರು ಸಲ ಮಾಡಿದಳು.

ಸಂಜೆಯ ಹೊತ್ತಿಗೆ ಆಸ್ಪತ್ರೆಯ ಹೆಸರು ಗೊತ್ತಾಯಿತು. ಅಕ್ಕನದೇ. ಅವಳು ಹಸಿರು ಸಾಹೇಬನ ಕೋಣೆಗೆ ನುಗ್ಗಿದಳು. “ಆ ಪುಟದ ಹಳೇ ಪ್ರತಿ ಬೇಕು ಸಾರ್. ತಪ್ಪು ನನ್ನದು, ಅಲ್ಲಿ ಹೋಗಿ ಹೇಳ್ತೀನಿ.”

“ಕಂಪನಿ ವಕೀಲರು ಹಳೇ ಪ್ರತಿಗಳನ್ನೆಲ್ಲ ಮುಚ್ಚಿಸಿದ್ದಾರೆ. ನನಗೂ ಕಾಣಲ್ಲ.” ಅವನು ಧ್ವನಿ ತಗ್ಗಿಸಿದ. “ಅಲ್ಲ ಮೇಡಂ, ಬೆಳಿಗ್ಗೆ ನೀವೇ ತಿದ್ದಿ ಒಳ್ಳೇದು ಮಾಡಿದ್ರಿ. ಈಗ ಪುಟ ಸರಿಯಾಗಿದೆ, ತಾರೀಖೂ ಇದೆ. ಇದನ್ನ ಯಾಕೆ ಕೆದಕ್ತೀರಿ?”

ಒಳ್ಳೇದು ಮಾಡಿದ್ರಿ! ಅವನ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ತಿದ್ದಿದ ಕೈ ತನ್ನದೇ. ಬ್ಯಾಗ್ ತೆಗೆದುಕೊಂಡು ಸೀದಾ ಅಕ್ಕನ ಮನೆಗೆ ಹೋದಳು.

ಅಕ್ಕ ಆಸ್ಪತ್ರೆಯ ಬಟ್ಟೆಯಲ್ಲೇ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಮೇಜಿನ ಮೇಲೆ ಕಣ್ಣಿನ ಡಾಕ್ಟರ ಚೀಟಿ.

“ಕಣ್ಣು ತೋರಿಸ್ಕೊಂಡು ಬಂದೆ ಕಣೇ,” ಎಂದಳು ಅಕ್ಕ. “ಕಣ್ಣು ಸರಿಯಾಗೇ ಇದೆಯಂತೆ. ಹಾಗಾದ್ರೆ ತಲೆಯೇ ಕೆಟ್ಟಿರಬೇಕು.”

“ಅಕ್ಕ, ಕೇಳಿಲ್ಲಿ...”

“ತಾರೀಖು ನೋಡ್ದೆ ಕಣೇ, ನೀನು ಹೇಳಿದ್ಯಲ್ಲ. ಅಲಾರಂ ತಾನೇ ಶುರುವಾಗುತ್ತೆ ಅಂತ ಓದಿದ ನೆನಪು. ಆಣೆ ಮಾಡಿ ಹೇಳೋಕೂ ತಯಾರಿದ್ದೆ. ಮಧ್ಯಾಹ್ನ ಆಸ್ಪತ್ರೆಯವರು ವಿಚಾರಣೆಯಲ್ಲಿ ಪುಟ ತೆಗೆದು ಮುಂದಿಟ್ರು. ಕೈಯಿಂದ ಮಾಡಿ ಅಂತ ದಪ್ಪಕ್ಷರದಲ್ಲಿದೆ. ಬುಧವಾರನೇ ಪರಿಶೀಲಿಸಿದ್ದು.” ಅಕ್ಕ ಚೀಟಿಯನ್ನು ಮಡಿಸಿದಳು, ಬಿಚ್ಚಿದಳು. “ಆರು ಜನರ ಜೀವಕೋಶ ಇತ್ತು ಒಳಗೆ, ಚಿಕಿತ್ಸೆಗೆ ಅಂತ ಅವರ ಮೈಯಿಂದಲೇ ತೆಗೆದಿಟ್ಟಿದ್ದು. ಐದು ಜನರಿಂದ ಮತ್ತೆ ತೆಗೀಬಹುದು. ಒಂದು ಮಗು ಇದೆ, ಏಳು ವರ್ಷ. ಅದರಿಂದ ಇನ್ನು ಆಗಲ್ಲ. ಅದರ ತಾಯಿ ಅಲ್ಲೇ ಕೂತಿದ್ಲು. ಪುಟ ಸರಿಯಾಗಿತ್ತು, ನಾನೇ ಸರಿಯಾಗಿ ಓದ್ಲಿಲ್ಲ ಅಂತ ಬರೆದು ಸಹಿ ಹಾಕ್ಬಿಟ್ಟೆ. ಕೆಲಸದಿಂದ ತೆಗೆದ್ರು.”

ಅವಳು ನೆಲದ ಮೇಲೆ ಕೂತು, ಅಕ್ಕನ ಮೊಣಕಾಲು ಹಿಡಿದುಕೊಂಡು ಎಲ್ಲ ಹೇಳಿದಳು. ಹಸಿರು ಗೋಡೆ, ಒಟ್ಟಿಗೆ ಒತ್ತಿದ್ದು, ಬೆಳಿಗ್ಗೆ ತಿದ್ದಿದ್ದು, ವಕೀಲರು ಮುಚ್ಚಿಸಿದ್ದು. ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತಳು.

ಕೊನೆಗೆ ಅಕ್ಕ ಕೇಳಿದಳು. “ಬುಧವಾರ ನೀನು ಆ ಪುಟ ಓದಿದ್ಯಾ?”

“ಇಲ್ಲ ಅಕ್ಕ.”

“ತೆಗೆದಾದ್ರೂ ನೋಡಿದ್ಯಾ?”

“ಇಲ್ಲ.”

ಅಕ್ಕ ತನ್ನ ಮೊಣಕಾಲಿನ ಮೇಲಿದ್ದ ಅವಳ ಕೈಗಳನ್ನು ಮೆಲ್ಲಗೆ ಬಿಡಿಸಿದಳು.

“ನಾಳೆ ನಾನೇ ಬರ್ತೀನಿ ಅಕ್ಕ. ಎಲ್ಲರ ಮುಂದೆ ಹೇಳ್ತೀನಿ. ಕಂಪನಿ ಹಾಳಾಗಿ ಹೋಗ್ಲಿ.”

“ಬಾ. ಆದ್ರೆ ತಂಗಿ ಅಕ್ಕನ ಪರ ಸುಳ್ಳು ಹೇಳ್ತಿದ್ದಾಳೆ ಅಂತಾರೆ. ಯಾರು ನಂಬ್ತಾರೆ?” ಅಕ್ಕನ ದನಿಯಲ್ಲಿ ಕೋಪವೂ ಇರಲಿಲ್ಲ. “ನಾನು ನನ್ನ ಕಣ್ಣಾರೆ ಓದಿದ್ದನ್ನೇ ನಂಬ್ಲಿಲ್ಲ ಕಣೇ. ನನ್ನ ತಂಗಿ ಪರಿಶೀಲಿಸಿದ ಪುಟ, ಅದು ತಪ್ಪಿರಲ್ಲ ಅಂತ ಆ ತಾಯಿಗೆ ನಾನೇ ಹೇಳಿ ಬಂದೆ.”