ಕಾರ್ಪೆಟ್ಟಿಗೆ ಚಿಮುಕಿಸಿದ ನೀರು

“ಇದರ ದಾರ ಹಿಂದೆ ಕಟ್ಟಬೇಕೋ, ಮುಂದೆ ಕಟ್ಟಬೇಕೋ?”

ಉತ್ತರ ಹೇಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಸತ್ಯಪ್ರಕಾಶರು ಆಸ್ಪತ್ರೆಯ ಗೌನನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಹಿಂದೆಯೇ ಕಟ್ಟಿಕೊಂಡರು. ಕೈ ಎಟುಕದೆ ಕೆಳಗಿನ ಗಂಟು ಹಾಗೇ ಉಳಿಯಿತು. ಕತ್ತಿನ ಹತ್ತಿರ ಇಣುಕುತ್ತಿದ್ದ ಜನಿವಾರವನ್ನು ಒಳಗೆ ತುರುಕಿದರು. ಬಿಚ್ಚಿಟ್ಟ ಪ್ಯಾಂಟನ್ನು, ಒಳಗಿನ ಪ್ಯಾಡ್ ಕಾಣದ ಹಾಗೆ ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟರು.

ಮೂರು ತಿಂಗಳಿಂದ ಗುದದ ಪಕ್ಕದಲ್ಲಿ ಕೀವು ಸೋರುತ್ತಿತ್ತು. ಭಗಂದರ ಎಂಬ ಮಾತನ್ನು ಹೆಂಡತಿ ನಳಿನಿಯ ಹತ್ತಿರ ಬಿಟ್ಟರೆ ಇನ್ನೊಬ್ಬರ ಹತ್ತಿರ ಆಡಿರಲಿಲ್ಲ. ತಿಂಗಳ ಕಾವ್ಯವಾಚನಕ್ಕೆ ಕರೆದವರಿಗೆಲ್ಲ ಬೆನ್ನುನೋವು ಎಂದು ಅವಳಿಂದ ಹೇಳಿಸಿದ್ದರು. ಪಾಪ ಅಂತ ಮೂರು ಮನೆಯವರು ಎಣ್ಣೆ ತಂದುಕೊಟ್ಟು ಹೋಗಿದ್ದರು. ಸತ್ಯಪ್ರಕಾಶರು ದೇವರ ಕೋಣೆಗೆ ಕಾಲಿಡುವುದನ್ನೂ ಬಿಟ್ಟು, ಬಾಗಿಲಾಚೆ ನಿಂತು ಪದ್ಯ ಹೇಳಿ ಕೈ ಮುಗಿಯುತ್ತಿದ್ದರು.

ವಿಮೆಯವರು ಕೊಟ್ಟ ಪಟ್ಟಿಯಲ್ಲಿ, ತಾವಿದ್ದ ಊರು ಇರ್ವಿಂಗಿನಲ್ಲೇ ನಾಲ್ವರು ಸರ್ಜನ್‌ಗಳಿದ್ದರು. ಇಬ್ಬರು ತೆಲುಗಿನವರು, ಒಬ್ಬರು ಗುಜರಾತಿ, ಇನ್ನೊಬ್ಬರ ಹೆಂಡತಿ ಪ್ರತಿ ಶನಿವಾರ ದೇವಸ್ಥಾನದಲ್ಲಿ ಸಿಗುವವರು. ನಾಲ್ವರನ್ನೂ ದಾಟಿ, ನಲವತ್ತು ಮೈಲಿ ಆಚೆಯ ಡಾಕ್ಟರ್ ಎಚ್. ಕಾರ್ಸನ್ ಎಂಬ ಹೆಸರಿನ ಮೇಲೆ ಬೆರಳಿಟ್ಟಿದ್ದರು. “ಯಾರೋ ಹ್ಯಾರಿನೋ ಹೆನ್ರಿನೋ ಇರ್ಬೇಕು. ನೋಡ್ತಾನೆ, ಮರೀತಾನೆ,” ಎಂದಿದ್ದರು ನಳಿನಿಗೆ.

ಬಾಗಿಲು ಬಡಿದ ಸದ್ದಾಯಿತು. ಬಿಳಿ ಕೋಟಿನ ಹೆಂಗಸೊಬ್ಬಳು ಒಳಗೆ ಬಂದು, ಅವರ ಮುಖ ನೋಡಿ ನಿಂತಳು.

“ಸತ್ಯ ಅಂಕಲ್. ನೇಮ್ ನೋಡಿದಾಗ್ಲೇ ಡೌಟ್ ಬಂತು.”

ಅವರ ಕೈ ತಾನಾಗಿ ಹಿಂದೆ ಹೋಗಿ ಗೌನನ್ನು ಹಿಡಿದುಕೊಂಡಿತು.

“ನಾನು ಹರ್ಷಿಣಿ. ವಿದ್ಯಾವತಿಯವರ ಮಗಳು. ಚಿಕ್ಕವಳಿದ್ದಾಗ ಸಂಡೇ ಸಂಡೇ ಪದ್ಯ ಕಲಿಯೋಕೆ ನಿಮ್ಮನೇಗೆ ಬರ್ತಿದ್ದೆ. ಕಾರ್ಸನ್ ನನ್ನ ಹಸ್ಬೆಂಡ್ ಹೆಸರು.”

ಅವಳು ಹೇಳಬೇಕಾಗಿರಲಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ, ಅವರ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಹನ್ನೆರಡು ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತು ಷಟ್ಪದಿ ಹೇಳುತ್ತಿದ್ದರು. ಏಳು ವರ್ಷದ ಹರ್ಷಿಣಿ ಅವರೇ ಕಲಿಸಿದ ಹಾಗೆ ಕಿರುಬೆರಳು ಎತ್ತಿದಳು. “ಪದ್ಯ ಮುಗಿಯೋವರೆಗೂ ಯಾರೂ ಏಳಬಾರದು,” ಎಂದರು ಸತ್ಯಪ್ರಕಾಶರು. ಐದು ಸಾಲು ಆಗುವಷ್ಟರಲ್ಲಿ ಕಾರ್ಪೆಟ್ಟು ಒದ್ದೆಯಾಗಿತ್ತು. ಉಳಿದ ಮಕ್ಕಳು ನಕ್ಕರು. ನಗು ಹೇಗೋ ನಿಲ್ಲುತ್ತಿತ್ತು. ಆದರೆ ಅವರು ಒಳಗೆ ಹೋಗಿ ಪಂಚಪಾತ್ರೆ ತಂದರು. ಇದು ಸರಸ್ವತಿ ಕೂರುವ ಜಾಗ ಎಂದು, ತುಳಸಿಯಿಂದ ಅಲ್ಲಿಗೆ ನೀರು ಚಿಮುಕಿಸಿ ಶುದ್ಧಿ ಮಾಡಿದರು. ಅವಳು ಅಲ್ಲೇ ನಿಂತಿದ್ದಳು. ಎರಡು ಹನಿ ಅವಳ ಪಾದದ ಮೇಲೂ ಬಿತ್ತು. ಮುಂದಿನ ಭಾನುವಾರದಿಂದ ಅವಳು ಬರಲಿಲ್ಲ.

“ಕಷ್ಟ ಅನ್ಸಿದ್ರೆ ಬೇರೆ ಡಾಕ್ಟರ್ ಹತ್ರ ಕಳಿಸ್ತೀನಿ ಅಂಕಲ್. ಆದ್ರೆ ಆರು ವಾರ ಕಾಯ್ಬೇಕು. ಏನ್ಮಾಡೋಣ?”

ಅವರು ಕುರ್ಚಿಯ ಮೇಲಿನ ಪ್ಯಾಂಟಿನ ಕಡೆ ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡರು. ಆಮೇಲೆ, “ನೀನೇ ನೋಡಮ್ಮ,” ಎಂದು ಮೇಜಿನ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಮೊಣಕಾಲನ್ನು ಎದೆಗೆ ಎಳೆದುಕೊಂಡರು.

ಮುಂದಿನ ಮಂಗಳವಾರ ಆಪರೇಷನ್ ಆಯಿತು. ಒಂದೇ ಸಲಕ್ಕೆ ಕತ್ತರಿಸಿದರೆ ಮಲದ ಹಿಡಿತ ತಪ್ಪೀತೆಂದು, ಕೀವು ಹರಿದುಹೋಗಲು ಹರ್ಷಿಣಿ ರಬ್ಬರಿನ ದಾರವೊಂದನ್ನು ಒಳಗೆ ಬಿಟ್ಟಿದ್ದಳು. ಅದು ತಿಂಗಳುಗಟ್ಟಲೆ ಇರಬೇಕು. ಮನೆಯಲ್ಲಿ ದಿನಕ್ಕೆ ಮೂರು ಸಲ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಬೇಕು.

“ನೀರು ಆರಿತೇನ್ರೀ? ಇನ್ನೊಂದು ಚೊಂಬು ತರ್ಲಾ?” ಎಂದು ನಳಿನಿ ಬಾಗಿಲಾಚೆಯಿಂದ ಕೇಳುತ್ತಿದ್ದಳು.

“ಒಳಗೆ ಬರ್ಬೇಡ.”

“ಮೂವತ್ತೈದು ವರ್ಷದಿಂದ ನೋಡದೇ ಇರೋದು ಏನಿದ್ಯೋ ಅಲ್ಲಿ.”

ಅವರು ನಗುತ್ತಿರಲಿಲ್ಲ. ನೀರಿನಲ್ಲಿ ಕೂತು ಆವತ್ತಿನ ಅದೇ ಷಟ್ಪದಿಯನ್ನು ಗುನುಗಲು ಶುರುಮಾಡಿ, ಕೊನೆಯ ಸಾಲು ಬರುವ ಮೊದಲೇ ನಿಲ್ಲಿಸಿಬಿಡುತ್ತಿದ್ದರು.

ಮೂರನೆಯ ವಾರ ಗಾಯ ತೋರಿಸಲು ಹೋದಾಗ, ಗಾಜ್ ಬಟ್ಟೆ ಒಣಗಿ ಅಂಟಿಕೊಂಡಿತ್ತು. ಹರ್ಷಿಣಿ ಎಳೆಯಲಿಲ್ಲ. ಸಿರಿಂಜಿನಲ್ಲಿ ಬೆಚ್ಚಗಿನ ಸಲೈನ್ ಹಿಡಿದು, ಒಂದೊಂದೇ ಹನಿ ಬಿಟ್ಟು ನೆನೆಸಿದಳು. ನೀರು, ಕೀವು ಎಲ್ಲ ಸೇರಿ ಕೆಳಗಿನ ಹಾಸು ಒದ್ದೆಯಾಯಿತು.

“ಹಾಸಿಗೆಯೆಲ್ಲ ಹಾಳಾಯ್ತಲ್ಲಮ್ಮ.”

“ಪೇಪರ್ ಅಂಕಲ್. ಬದಲಾಯಿಸಿದ್ರಾಯ್ತು.”

ಅವರು ಗೋಡೆಯನ್ನೇ ನೋಡುತ್ತ ಮಲಗಿದ್ದರು. ಮುಖ ಕಾಣದೆ ಇದ್ದುದಕ್ಕೇ ಮಾತು ಬಂತೇನೋ.

“ಹರ್ಷಿಣಿ.”

“ನೋವಾಯ್ತಾ?”

“ಇಲ್ಲ. ಆವತ್ತು, ನಮ್ಮನೇಲಿ. ಆ ತುಳಸಿ ನೀರು.”

ಅವಳ ಕೈ ನಿಲ್ಲಲಿಲ್ಲ. “ಹೂಂ,” ಎಂದಳು. ಇನ್ನೊಂದು ಹನಿ ಬಿಟ್ಟು, “ಆ ಪದ್ಯ ಇನ್ನೂ ಬಾಯಿಗೆ ಬರುತ್ತೆ. ಐದು ಲೈನ್,” ಎಂದಳು.

ಸತ್ಯಪ್ರಕಾಶರು ಕೆಳಗಿನ ಪೇಪರಿನ ಅಂಚನ್ನು ಹಿಡಿದುಕೊಂಡರು.

“ತಪ್ಪು ಮಾಡ್ದೆ ನಾನು. ಬುದ್ಧಿ ಇರ್ಲಿಲ್ಲ. ಅದನ್ನ ಮರೆತುಬಿಡಮ್ಮ.”

ಅವಳು ಹೊಸ ಗಾಜ್ ಇಟ್ಟಳು. ಟೇಪಿನ ಅಂಚುಗಳನ್ನು ಚರ್ಮ ಎಳೆಯದ ಹಾಗೆ ಒಂದೊಂದಾಗಿ ಬೆರಳಿನಿಂದ ಒತ್ತಿದಳು. ಕೈಗವಸು ತೆಗೆದು, ಬಿಚ್ಚಿಕೊಂಡಿದ್ದ ಗೌನಿನ ಎರಡು ತುದಿಗಳನ್ನು ಎಳೆದು ಸೇರಿಸಿ, ಅವರ ಕೈಗೆ ಎಟುಕದ ಆ ಕೆಳಗಿನ ಗಂಟನ್ನು ತಾನೇ ಹಾಕಿದಳು.

“ಇಲ್ಲ ಅಂಕಲ್,” ಎಂದಳು. “ಮರೆಯಲ್ಲ.”