ಸುಂಕದ ಸರಪಳಿ

ಗುರುವಾರ ಸಂಜೆ ಭಾರ್ಗವಿ ಅಂಗಡಿಗೆ ಬಂದಾಗ ಬಿಲ್ಕಿಸ್ ಒಬ್ಬಳೇ ಕೌಂಟರಿನ ಹಿಂದೆ ನಿಂತಿದ್ದಳು. ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು ನರ್ಸ್ ಬಟ್ಟೆಯನ್ನೂ ಬದಲಿಸದೆ ಗಂಡ ಸಲೀಮನನ್ನು ಊಟಕ್ಕೆ ಒಳಗೆ ಕಳಿಸಿದ್ದಳು. ನ್ಯೂಜಿಲೆಂಡಿನ ಲೋವರ್ ಹಟ್‌ನ ಆ ಮೂಲೆ ಅಂಗಡಿಗೆ, ಅಲ್ಲಿನವರ ಮಾತಲ್ಲಿ ಡೇರಿಗೆ, ಭಾರ್ಗವಿ ಹಾಲಿಗೋ ಬ್ರೆಡ್ಡಿಗೋ ಬರುವವಳಲ್ಲ. ಅವಳ ಮನೆ ಇರುವುದು ರೈಲು ಹಳಿಯ ಆಚೆ. ಆದರೂ ಹಾಲು ತೆಗೆದುಕೊಂಡಳು, ಬ್ರೆಡ್ಡೂ ತೆಗೆದುಕೊಂಡಳು. ಆಮೇಲೆ ಚಾಕಲೇಟಿನ ಸಾಲನ್ನೇ ನೋಡುತ್ತಾ, ಬಿಲ್ಕಿಸಕ್ಕ ಮಾಡಿಟ್ಟ ಕೋಟೆಯ ಮಾದರಿ ಓದಿನ ಬಳಗದ ಶನಿವಾರದ ಸಭೆಗೆ ಸಿಗಬಹುದಾ ಎಂದು ಕೇಳಿದಳು.

"ಸಿಗೂದೇನ್ ಬಂತು, ನಾನ ತರ್ತೀನಲ್ಲ," ಎಂದಳು ಬಿಲ್ಕಿಸ್.

ಭಾರ್ಗವಿ ಬ್ರೆಡ್ಡನ್ನು ಚೀಲಕ್ಕೆ ಹಾಕುತ್ತಾ ವಿಷಯ ಹೇಳಿದಳು. ಡಾಕ್ಟರ್ ಚಿದಾನಂದ ಫೋನ್ ಮಾಡುತ್ತೇನೆ ಅಂದಿದ್ದರಂತೆ. ಮಾಡಿಲ್ಲವೇ? ಮಾಡಿರಲಿಲ್ಲ. ಜರ್ಮನಿ ಪ್ರವಾಸಕ್ಕೆ ಹೊರಡುವವರ ಹೆಸರುಗಳನ್ನು ಟ್ರಾವೆಲ್ ಏಜೆಂಟನಿಗೆ ನಿನ್ನೆಯೇ ಕೊಟ್ಟಾಗಿತ್ತು. ಅವುಗಳಲ್ಲಿ ಬಿಲ್ಕಿಸ್ ಹೆಸರಿರಲಿಲ್ಲ. ಅಲ್ಲಿ ಅವಳು ವಿವರಿಸಬೇಕಿದ್ದ ಕೋಟೆ ಈಗ ಭಾರ್ಗವಿಯ ಪಾಲಿಗೆ ಬಂದಿತ್ತು.

"ನಿಮಗೆ ಮುಜುಗರ ಆಗಬಾರದು ಅಂತ ಡಾಕ್ಟರು ಅಂದ್ರು, ಅಕ್ಕ," ಎಂದಳು ಭಾರ್ಗವಿ. "ಅದು ಪೂರ್ತಿ ವೈನ್ ಸೀಮೆ ಅಲ್ವಾ."

ಬಿಲ್ಕಿಸ್ ಚಿಲ್ಲರೆ ಎಣಿಸಿ ಕೊಟ್ಟಳು. 

ಆ ಓದಿನ ಬಳಗ ಹುಟ್ಟಿದ್ದು ಚಿದಾನಂದರ ಮನೆಯ ನಡುಕೋಣೆಯಲ್ಲಿ. ಮೈಸೂರಿನವರು, ಮೂಳೆ ಡಾಕ್ಟರು, ಮಾತು ಮೃದು. ಹೆಂಡತಿ ಶಾಂತಾ ಅದೇ ಆಸ್ಪತ್ರೆಯಲ್ಲಿ ಫಿಸಿಯೋ. ಶನಿವಾರ ಮಧ್ಯಾಹ್ನ ಎಂಟು ಜನ ಸೇರುತ್ತಿದ್ದರು. ಒಂದು ತಟ್ಟೆ ತಿಂಡಿ, ಒಂದು ಪ್ರಶ್ನೆ, ಇವೆರಡಿಲ್ಲದೆ ಯಾರೂ ಒಳಗೆ ಬರುವಂತಿರಲಿಲ್ಲ. ಅದಕ್ಕಿಂತ ಗಟ್ಟಿಯಾದ ನಿಯಮ ಇನ್ನೊಂದಿತ್ತು, ಅದನ್ನು ಹಾಕಿದವರೂ ಚಿದಾನಂದರೇ: ಯಾರು ಓದಿದರೋ ಅವರೇ ಹೇಳಬೇಕು, ಒಬ್ಬರ ಓದನ್ನು ಇನ್ನೊಬ್ಬರ ಬಾಯಿಗೆ ಕೊಡುವಂತಿಲ್ಲ. ಶಾಂತಾಗೆ ನ್ಯುಮೋನಿಯಾ ಆಗಿ ಮಲಗಿದಾಗ ಅವರ ಪಾಲಿನ ಅಧ್ಯಾಯ ಅವರು ಎದ್ದು ಬರುವ ತನಕ ಕಾದಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಹೋದ ವರ್ಷ ಈ ಜನಕ್ಕೆ ಓದಿದ್ದನ್ನು ಕಣ್ಣಾರೆ ಕಾಣುವ ಹುಚ್ಚು ಹಿಡಿಯಿತು. ಜರ್ಮನಿಯ ರೈನ್ ನದಿ, ಅದರ ಎರಡೂ ದಡಕ್ಕೆ ಏರಿ ನಿಂತ ದ್ರಾಕ್ಷಿ ತೋಟಗಳು, ತೋಟದ ನೆತ್ತಿಯಲ್ಲಿ ತಿರುವಿಗೊಂದರಂತೆ ಕೋಟೆ. 2007ರ ಜೂನ್ ತಿಂಗಳಿಗೆ ಹೊರಡುವುದೆಂದಾಯಿತು. ಗೈಡ್ ಬೇಡ, ಒಬ್ಬೊಬ್ಬರಿಗೆ ಒಂದೊಂದು ಕೋಟೆ. ವರ್ಷವಿಡೀ ಓದಿ ಅಲ್ಲಿ ಮೆಟ್ಟಿಲ ಮೇಲೆ ನಿಂತು ಉಳಿದವರಿಗೆ ಕನ್ನಡದಲ್ಲಿ ಹೇಳಬೇಕು. ಯಾವತ್ತೂ ಬೀಳದ ಮಾರ್ಕ್ಸ್‌ಬುರ್ಗ್ ಡಾಕ್ಟರಿಗೆ. ಬಿದ್ದು ಹರಡಿಕೊಂಡ ದೊಡ್ಡ ರೈನ್‌ಫೆಲ್ಸ್ ಶಾಂತಾಗೆ. ಕೊನೆಗೆ ಉಳಿದದ್ದು ಪ್ಫಾಲ್ಸ್‌ಗ್ರಾಫೆನ್‌ಸ್ಟೈನ್. ಆ ಹೆಸರು ಹೇಳುವುದಕ್ಕಿಂತ ಬಾಯಿ ಮುಕ್ಕಳಿಸುವುದು ಸುಲಭ ಎಂದು ಡಾಕ್ಟರು ನಗಿಸಿದ್ದರು. ಯಾರಿಗೂ ಬೇಡದ ಅದನ್ನು ಬಿಲ್ಕಿಸ್ ಎತ್ತಿಕೊಂಡಳು. ಕೌಬ್ ಎಂಬ ಊರಿನ ಎದುರು, ನದಿಯ ನಟ್ಟನಡುವೆ, ಹಡಗಿನಂತೆ ಮೂತಿ ಚಾಚಿ ನಿಂತ ಕೋಟೆ. ಬಳಗದವರು ಅದಕ್ಕೆ ಹಡಗಿನ ಕೋಟೆ ಎಂದೇ ಹೆಸರಿಟ್ಟರು.

ಬಿಲ್ಕಿಸ್ ಬಿಜಾಪುರದವಳು. ಅಪ್ಪನ ಸೈಕಲ್ ಅಂಗಡಿ ಇದ್ದದ್ದು ಕೋಟೆಯ ಅಗಸಿಯ ಪಕ್ಕದಲ್ಲೇ. ಕಂದಕದ ದಂಡೆ ಅವಳಿಗೆ ಆಟದ ಬಯಲು. ಕೋಟೆ ಅಂದರೆ ಬೇರೆಯವರಿಗೆ ಚಿತ್ರ, ಅವಳಿಗೆ ನೆರಳು. ಆ ನೆರಳಿನಲ್ಲಿ ಯಾರು ಕೂತರು, ಯಾರನ್ನು ಎಬ್ಬಿಸಿದರು ಎಂಬುದು ಅವಳ ಪ್ರಶ್ನೆ. ಹಡಗಿನ ಕೋಟೆಯನ್ನು ಓದುತ್ತಾ ಹೋದಂತೆ ಅಲ್ಲಿ ರಾಜನೂ ಇರಲಿಲ್ಲ, ರಾಣಿಯೂ ಇರಲಿಲ್ಲ. ಅದೊಂದು ಸುಂಕದ ಕಟ್ಟೆ. ನೀರಿಗೆ ಅಡ್ಡ ಸರಪಳಿ ಎಳೆದು ದೋಣಿಗಳನ್ನು ನಿಲ್ಲಿಸುತ್ತಿದ್ದರು. ಕೊಡದವರನ್ನು ಬಾವಿಯಂಥ ಗುಂಡಿಯೊಳಗೆ ತೇಲುವ ಹಲಗೆಯ ಮೇಲೆ ಇಳಿಸುತ್ತಿದ್ದರಂತೆ. ಅಂಗಡಿಗೆ ಬರುವ ಚಿಪ್ಸ್ ಡಬ್ಬಗಳ ರಟ್ಟು ಕತ್ತರಿಸಿ, ಮೈದಾ ಅಂಟು ಕಾಯಿಸಿ ಅವಳು ಅದರ ಮಾದರಿ ಕಟ್ಟಿದಳು. ಮಗಳು ಅರ್ಶಿಯಾಳ ಹಳೆಯ ಕಾಲ್ಚೈನು ಸರಪಳಿಯಾಯಿತು.

ಅವತ್ತು ಸಲೀಮ್ ಊಟ ಮುಗಿಸಿ ಬಂದಾಗ ಅವಳು ನಡೆದದ್ದನ್ನು ಹೇಳಿದಳು. ಅವನಿಗೆ ಆಶ್ಚರ್ಯವಾಗಲಿಲ್ಲ. ಬಿಡು, ಅವರು ಹೋಗಲಿ, ನಾವು ಇಲ್ಲೇ ರೊಟೊರುವಾಗೆ ಹೋಗಿ ಬಿಸಿನೀರು ನೋಡೋಣ ಎಂದ. ಅವರು ಕೆಟ್ಟವರಲ್ಲ, ಸಿಡ್ನಿಯದೇ ಅಂಜಿಕೆ ಅವರಿಗೆ ಎಂದೂ ಸೇರಿಸಿದ.

ಸಿಡ್ನಿ. ಆ ಹೆಸರನ್ನು ಬಳಗದಲ್ಲಿ ಒಂದು ವರ್ಷದಿಂದ ಯಾರೂ ಎತ್ತಿರಲಿಲ್ಲ. ಎಲ್ಲರೂ ಕೂಡಿ ಹೋದ ಮೊದಲ ಪ್ರವಾಸ ಅದು. ಎಲ್ಲರ ಹತ್ತಿರ ಇದ್ದದ್ದು ನ್ಯೂಜಿಲೆಂಡಿನ ಅದೇ ಪಾಸ್‌ಪೋರ್ಟು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಏಳು ಜನ ಆಚೆ ದಾಟಿದರು, ಬಿಲ್ಕಿಸಳನ್ನು ಪಕ್ಕದ ಕೋಣೆಗೆ ಕರೆದರು. ಅವಳು ಹೊರಗೆ ಬರುವಷ್ಟರಲ್ಲಿ ಕಾದು ನಿಂತಿದ್ದ ಉಳಿದವರಿಗೂ ಬಸ್ಸು ತಪ್ಪಿಹೋಗಿತ್ತು.  ಶಾಂತಾ ಅವಳಿಗೆ ಕಾಫಿ ತಂದುಕೊಟ್ಟರು. ಎಲ್ಲರೂ ಅವಳ ಬೆನ್ನು ಸವರಿದರು. ಆ ಸವರಿದ ಕೈಗಳೇ ಈಗ ಹೆಸರು ಅಳಿಸಿದ್ದವು.

"ದೇ ಆರ್ ಜಸ್ಟ್ ಸ್ಕೇರ್ಡ್ ಆಫ್ ಕ್ಯೂಸ್, ಮಮ್," ಎಂದಳು ಅರ್ಶಿಯಾ ಹೋಂವರ್ಕಿನಿಂದ ತಲೆ ಎತ್ತದೆ.

ಸರದಿ ಸಾಲಿಗೆ ಹೆದರುವ ಜನ ಎಂಬ ಮಾತಿಗೆ ಬಿಲ್ಕಿಸ್ ನಕ್ಕಳು. ಆಮೇಲೆ ಸಲೀಮನ ಕಡೆ ತಿರುಗಿ, ಶನಿವಾರ ವ್ಯಾನಿನಲ್ಲಿ ಡಾಕ್ಟರ ಮನೆ ತನಕ ಬಿಡು, ಒಳಗೆ ಬರಬೇಕಾಗಿಲ್ಲ ಎಂದಳು. ಏನು ಮಾಡುತ್ತೀ ಎಂದು ಅವನು ಕೇಳಿದ. "ನನ್ನ ಪಾಳಿ ಐತಿ, ಹೇಳಿ ಬರ್ತೀನಿ," ಎಂದಳು.

ಶನಿವಾರ ಬಂದರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಡಾಕ್ಟರ ಮನೆಯ ಬಾಗಿಲು ತೆರೆದವರು ಶಾಂತಾ. ಬಿಲ್ಕಿಸ್ ಶೇಂಗಾ ಹೋಳಿಗೆಯ ತಟ್ಟೆ ಅವರ ಕೈಗಿತ್ತು, ಚಪ್ಪಲಿ ಬಿಟ್ಟು, ತನ್ನ ದಿನದ ಜಾಗದಲ್ಲಿ ಕೂತಳು. ಆ ಜಾಗದಲ್ಲಿ ಯಾರೂ ಕೂತಿರಲಿಲ್ಲ ಎನ್ನುವುದನ್ನು ಗಮನಿಸಿದಳು. ಬಳಗದ ಚಂದ್ರಹಾಸ ತಮ್ಮ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುವುದನ್ನು ನಿಲ್ಲಿಸಿದರು. ಲೆಕ್ಕಪತ್ರದ ಕೆಲಸದ ಅವರು ಎಲ್ಲಿಗೆ ಹೋದರೂ ತಮ್ಮ ಚಿತ್ರಾನ್ನ ತಾವೇ ಒಯ್ಯುವವರು. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಕುಡಿಯುವ ಮಾತಂತೂ ದೂರ.

ಚಿದಾನಂದ ಗಂಟಲು ಸರಿಮಾಡಿಕೊಂಡರು. ಬಿಲ್ಕಿಸ್ ಬಂದದ್ದು ಸಂತೋಷ ಎಂದರು. ಫೋನ್ ಮಾಡಲು ಬಿಡುವಾಗಲಿಲ್ಲ ಎಂದರು. ಕೋಟೆಯ ನೆಲಮಾಳಿಗೆಯಲ್ಲಿ ವೈನ್ ರುಚಿ ನೋಡುವ ಊಟ ಇಟ್ಟುಕೊಂಡಿದ್ದೇವೆ, ಮೂರು ದಿನ ವೈನ್ ಹಳ್ಳಿಗಳಲ್ಲೇ ವಾಸ, ನಿಮ್ಮ ನಂಬಿಕೆಗೆ ಗೌರವ ಕೊಟ್ಟು ಹೀಗೆ ಮಾಡಿದೆವು ಎಂದರು. ಕರುಣೆಯ ಕೈಯಿಂದಲೇ ಬಾಗಿಲು ಹಾಕುವ ವಿದ್ಯೆ ಓದಿದವರಿಗೆ ಬಂದಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ.

"ನಾ ಕುಡಿಯೂದಿಲ್ರಿ ಡಾಕ್ಟ್ರ," ಎಂದಳು ಬಿಲ್ಕಿಸ್. "ಚಂದ್ರಹಾಸ್ ಸಾಹೇಬ್ರೂ ಕುಡಿಯೂದಿಲ್ಲ. ಅವರ ನಂಬಿಕೀಗೆ ಯಾಕ ಗೌರವ ಕೊಡಲಿಲ್ಲ?"

ಚಂದ್ರಹಾಸ ಡಬ್ಬಿಯ ಮುಚ್ಚಳ ಮತ್ತೆ ಹಾಕಿದರು. ಯಾರೋ ನಗಲು ಹೋಗಿ ಕೆಮ್ಮಿದರು.

ನಮ್ಮ ಮಾಮಾಂದು ಬಿಜಾಪುರದ ಹತ್ತಿರ ತಿಕೋಟಾದಲ್ಲಿ ದ್ರಾಕ್ಷಿ ತೋಟ ಎಂದಳು ಬಿಲ್ಕಿಸ್. ರಜೆಯಲ್ಲಿ ಬಳ್ಳಿಯ ನೆರಳಲ್ಲೇ ಮಲಗಿ ಬೆಳೆದವಳಿಗೆ ದ್ರಾಕ್ಷಿ ನೋಡಿ ಮುಜುಗರ ಯಾಕಾಗಬೇಕು ಎಂದಳು.  ಆಮೇಲೆ ಉತ್ತರಕ್ಕೆ ಕಾದಳು. ವಾರ್ಡಿನಲ್ಲಿ ರೋಗಿ ಸುಳ್ಳು ಹೇಳಿದಾಗಲೂ ಹೀಗೇ ಕಾಯುತ್ತಿದ್ದಳು.

ಕೊನೆಗೆ ಚಿದಾನಂದರೇ ಬಾಯಿಬಿಟ್ಟರು. "ನೋಡಿಮ್ಮ, ತಪ್ಪು ತಿಳ್ಕೋಬೇಡಿ. ಸಿಡ್ನೀಲಿ ಆದದ್ದು ನಿಮ್ಮ ತಪ್ಪಲ್ಲ, ನನಗೆ ಗೊತ್ತು. ಆದ್ರೆ ಜರ್ಮನಿಗೆ ಹೋಗೋಕೆ ಎರಡು ಕಡೆ ವಿಮಾನ ಬದಲಿಸಬೇಕು. ಒಬ್ಬರನ್ನ ಹಿಡಿದು ನಿಲ್ಲಿಸಿದ್ರೆ ಎಲ್ಲರ ಪ್ರವಾಸಾನೂ ನಿಲ್ಲತ್ತೆ. ಎಲ್ಲರ ಹಿತ ನೋಡ್ಬೇಕಲ್ವಾ?"

"ತಪ್ಪು ನಂದಲ್ಲ ಅಂತೀರಿ," ಎಂದಳು ಬಿಲ್ಕಿಸ್. "ಮತ್ತ ಶಿಕ್ಷಾ ಯಾಕ ನನಗ?"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸಲೀಮ್ ಒಳಗೆ ಬಂದ. ಒಳಗೆ ಬರಬೇಡ ಎಂದಿದ್ದಳು, ಬಂದಿದ್ದ. ಕೈಯಲ್ಲಿ ರಟ್ಟಿನ ಕೋಟೆ. ಗಾಳಿಗೆ ಹಾರದಂತೆ ಗದ್ದ ಊರಿ ಹಿಡಿದಿದ್ದ. "ವ್ಯಾನಿನಾಗ ಬಿಟ್ಟು ಬಂದಿದ್ಲ್ರಿ," ಎಂದು ಎಲ್ಲರಿಗೂ ಹೇಳಿ, ಅದನ್ನು ಟೀಪಾಯಿಯ ಮೇಲೆ ಇಟ್ಟು, ಗೋಡೆಗೊರಗಿ ನಿಂತ. ಕೂರಿ ಎಂದರೆ ಕೂರಲಿಲ್ಲ.

ಬಿಲ್ಕಿಸ್ ಎದ್ದಳು. ಅವಳ ಮಾತು ಮುಗಿಯುವ ತನಕ ಯಾರೂ ತಡೆಯಲಿಲ್ಲ. ತಡೆಯುವಂತೆಯೂ ಇರಲಿಲ್ಲ, ನಿಯಮ ಹಾಗಿತ್ತು. ಕೋಟೆ ಕಟ್ಟಿದ್ದು ಯಾರು, ಕಲ್ಲು ಹೊತ್ತವರ ಹೆಸರು ಯಾವ ಪುಸ್ತಕದಲ್ಲೂ ಯಾಕಿಲ್ಲ ಎಂಬಲ್ಲಿಂದ ಶುರು ಮಾಡಿದಳು. ಆಚೆ ದಡದ ಗುಡ್ಡದಲ್ಲಿ ಇನ್ನೊಂದು ಕೋಟೆ, ಕೆಳಗೆ ಕೌಬ್ ಊರು, ಮೂರೂ ಸೇರಿ ನದಿಯ ಕತ್ತು ಹಿಡಿದದ್ದನ್ನು ತೋರಿಸಿದಳು. ಕಾಲ್ಚೈನನ್ನು ರಟ್ಟಿನ ಮೂತಿಯಿಂದ ಶಾಂತಾರ ತಟ್ಟೆಯ ಅಂಚಿಗೆ ಎಳೆದು ಕಟ್ಟಿದಳು. ಕೆಳಗೆ ನೀರು ಹರಿಯುತ್ತದೆ, ಮೀನು ದಾಟುತ್ತದೆ, ಮನುಷ್ಯ ಮಾತ್ರ ನಿಲ್ಲಬೇಕು ಎಂದಳು. ಈ ಕೋಟೆಯನ್ನು ಯಾವ ಶತ್ರುವೂ ಗೆಲ್ಲಲಿಲ್ಲ; ಸುಂಕ ನಿಂತದ್ದು ಕಾನೂನು ಬದಲಾದಾಗ, ಕಾನೂನು ಬದಲಾದದ್ದು ಬೇಡ ಎನ್ನುವವರು ಹೆಚ್ಚಾದಾಗ ಎಂದಳು. ಬಾವಿಯ ಹಲಗೆಯ ಮೇಲೆ ಕೂತವನ ಬಗ್ಗೆ ಹೇಳುವಾಗ ದನಿ ಏರಿಸಲಿಲ್ಲ.

"ಸಿಡ್ನಿಯೊಳಗ ಸರಪಳಿ ಹಾಕಿದವ್ರು ನನ್ನ ಗುರ್ತಿನವ್ರಲ್ಲ," ಎಂದು ಮುಗಿಸಿದಳು. "ಅವರ ಮ್ಯಾಲೆ ನನಗ ಸಿಟ್ಟೈತಿ, ದುಃಖ ಇಲ್ಲ. ನೀವು ಅವರಿಗಿಂತ ಮೊದಲಽ ಹಾಕಿದ್ರಿ. ಅವರಿಗೆ ಕೆಲಸ ಕಡಿಮಿ ಮಾಡಿದ್ರಿ."

ಚಿದಾನಂದ ಕನ್ನಡಕ ತೆಗೆದು ಒರೆಸಿದರು. ಏಜೆಂಟನಿಗೆ ಫೋನ್ ಮಾಡಿ ಸೀಟು ಉಳಿದಿದೆಯಾ ಕೇಳುತ್ತೇನೆ ಎಂದರು. ಬೇಡ ಎಂದಳು ಬಿಲ್ಕಿಸ್. ನಿಮ್ಮ ಹೆಸರುಗಳ ಜೊತೆ ನನ್ನ ಹೆಸರು ಸೇರಿಸಲು ನೀವು ಮತ್ತೊಮ್ಮೆ ಯೋಚಿಸಬೇಕಾದರೆ ಆ ಸೀಟು ನನಗೆ ಬೇಡ ಎಂದಳು.  ತಟ್ಟೆಗೆ ಕಟ್ಟಿದ ಸರಪಳಿಯ ಕೊನೆ ಶಾಂತಾರ ತೊಡೆಯ ಮೇಲಿತ್ತು, ಅವರು ಅದನ್ನೇ ನೋಡುತ್ತಾ ಕೂತರು.

"ನನ್ನ ಓದು ನನ್ನ ಬಾಯಿಲೇ," ಎಂದಳು ಬಿಲ್ಕಿಸ್. "ನೀವು ಕೌಬಿಗೆ ಬರೂ ದಿನ, ದೋಣಿ ಹತ್ತೂ ದಂಡಿ ಮ್ಯಾಲ ನಾ ನಿಂತಿರ್ತೀನಿ. ಬಂದವರಿಗೆ ಹೇಳ್ತೀನಿ. ಯಾರೂ ಬರಲಿಲ್ಲ ಅಂದ್ರ ನದಿಗೆ ಹೇಳಿ ಬರ್ತೀನಿ. ಅದು ಎಲ್ಲಾ ಕೇಳ್ಯದ."

ಸರಪಳಿ ಕಳಚಿಟ್ಟು ರಟ್ಟಿನ ಕೋಟೆಯನ್ನು ಸಲೀಮ್ ಎತ್ತಿಕೊಂಡ. ಹೋಳಿಗೆಯ ತಟ್ಟೆಯನ್ನು ಅವಳು ಬಿಟ್ಟುಬಂದಳು; ತಂದ ತಿಂಡಿ ವಾಪಸ್ ಒಯ್ಯುವುದು ಅವಳ ಮನೆತನದಲ್ಲಿ ಇರಲಿಲ್ಲ.

ವ್ಯಾನಿನ ಬಾಗಿಲು ಹಾಕುವಾಗ ಭಾರ್ಗವಿ ಬರಿಗಾಲಲ್ಲೇ ಓಡಿಬಂದಳು. ಗಾಳಿಗೆ ಕೂದಲು ಬಾಯಿಗೆ ಬರುತ್ತಿತ್ತು. ಕೈಯಲ್ಲಿ ಕಾಲ್ಚೈನು.

"ಅಕ್ಕಾ, ಇದು ತಟ್ಟೇಲೇ ಉಳಿದಿತ್ತು. ಒಳಗೆ ಹೇಳಿ ಬಂದೆ, ನಿಮ್ಮ ಕೋಟೆ ನಾನು ಹೇಳಲ್ಲ ಅಂತ."

ಬಿಲ್ಕಿಸ್ ಅವಳ ಮುಖ ನೋಡಿದಳು. ಗುರುವಾರ ಚಾಕಲೇಟು ನೋಡುತ್ತಿದ್ದ ಕಣ್ಣು ಈಗ ನೇರ ಇತ್ತು.

"ನಿನ್ನ ಹತ್ರನ ಇರಲಿ," ಎಂದಳು. "ಕೌಬಿಗೆ ಬರೂವಾಗ ಮರೀದೆ ತಗೊಂಡ್ ಬಾ. ಅದಿಲ್ಲದ ನನಗ ಹೇಳಾಕ ಆಗೂದಿಲ್ಲ."

ಸಲೀಮ್ ರೈಲು ನಿಲ್ದಾಣದ ಹತ್ತಿರ ವ್ಯಾನು ನಿಲ್ಲಿಸಿದ. ಗೇಟು ಹಾಕಿತ್ತು, ವೆಲಿಂಗ್ಟನ್ ಕಡೆಯ ರೈಲು ಹೋಗಬೇಕಿತ್ತು. ಎಂಜಿನ್ ಆರಿಸಿ, ಮತ್ತೆ ಅಲ್ಲೂ ತಡೆದರೆ ಎಂದು ಕೇಳಿದ. ಒಬ್ಬಳೇ ಇರುತ್ತೀ ಎಂದ.

"ತಡೀಲಿ," ಎಂದಳು ಬಿಲ್ಕಿಸ್. "ನಾ ಎರಡು ದಿನ ಮೊದಲ ಹೊರಡ್ತೀನಿ. ತಡಿಯೋರಿಗೂ ಹೊತ್ತು ಕೊಟ್ಟಽ ಹೊರಡ್ತೀನಿ."

ರೈಲು ದಾಟಿತು, ಗೇಟು ಎದ್ದಿತು. ಸಲೀಮ್ ಅಂಗಡಿಯ ಕಡೆ ತಿರುಗಿಸಲಿಲ್ಲ. ಟಿಕೆಟ್ಟಿಗೆ ಸೋಮವಾರದ ತನಕ ಯಾಕೆ ಕಾಯಬೇಕು, ಏಜೆಂಟನ ಆಫೀಸು ಶನಿವಾರವೂ ತೆರೆದಿರುತ್ತದೆ ಎಂದು ಪೇಟೆಯ ದಾರಿ ಹಿಡಿದ. ತೊಡೆಯ ಮೇಲಿನ ರಟ್ಟಿನ ಕೋಟೆಯನ್ನು ಬಿಗಿಯಾಗಿ ಹಿಡಿದು ಅವಳು ಅದರ ಪೂರ್ತಿ ಹೆಸರನ್ನು ಒಮ್ಮೆ ಜೋರಾಗಿ ಹೇಳಿದಳು. ಎಲ್ಲೂ ತಡವರಿಸಲಿಲ್ಲ.